ಹಾಡುವ ಮಕ್ಕಳೂ ಕರಾರು ಪತ್ರವೂ

ಕಾರ್ತಿಕ ಮಾಸವು ಮುಗಿಯುತ್ತ ಬಂದಿದ್ದ ಒಂದು ಸಂಜೆ ನಾವು ಹೊನ್ನಾಳಿಯ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಪತ್ರಿಕೆಯನ್ನು ನೋಡುತ್ತಿದ್ದೆವು. ಬಸ್ ನಿಲ್ದಾಣದ ಕಡೆಯಿಂದ ಐವರು ನಡೆದು ಬಂದು ನಮ್ಮ ಬಾಗಿಲಲ್ಲಿ ನಿಂತರು. ಮೂವರು ಹುಡುಗರು, ಒಬ್ಬಳು ಹುಡುಗಿ, ಆ ಹುಡುಗಿಯ ತಾಯಿ. ಹುಡುಗರಲ್ಲಿ ಒಬ್ಬನು ಈ ಊರಿನವನೇ. ನಮ್ಮಲ್ಲಿ ಮೂರು ವರ್ಷ ಸಂಸ್ಕೃತವನ್ನು ಓದಿದವನು. ಓದಿದನೆನ್ನುವುದಕ್ಕಿಂತ ತರಗತಿಯಲ್ಲಿ ಕುಳಿತಿದ್ದನೆಂದರೆ ಸತ್ಯಕ್ಕೆ ಹೆಚ್ಚು ಸಮೀಪ. ಆದರೆ ಶಬ್ದರೂಪಗಳನ್ನು ರಾಗವಾಗಿ ಹೇಳುವುದರಲ್ಲಿ ಅವನನ್ನು ಮೀರಿಸಿದವರನ್ನು ನಾವು ಕಂಡಿಲ್ಲ. ಇನ್ನೊಬ್ಬನು ನ್ಯಾಮತಿಯ ಕಡೆಯ ತಾಂಡಾದವನು, ಮತ್ತೊಬ್ಬನು ಜಗಳೂರು ಸೀಮೆಯ ರೈತನ ಮಗ. ಹುಡುಗಿ ಚನ್ನಗಿರಿಯವಳು, ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವವಳು.

ಇವರು ನಾಲ್ವರೂ ಗಣೇಶೋತ್ಸವದ ಗಾಯನ ಸ್ಪರ್ಧೆಯೊಂದರಲ್ಲಿ ಪರಿಚಯವಾಗಿ, ಅಲ್ಲಿಂದೀಚೆಗೆ ಕೂಡಿ ಹಾಡುತ್ತಿರುವರು. ತಮ್ಮ ನಾಲ್ಕು ಊರುಗಳ ಮೊದಲ ಅಕ್ಷರಗಳನ್ನು ಕಲಸಿ ಗುಂಪಿಗೆ ಒಂದು ಹೆಸರನ್ನಿಟ್ಟುಕೊಂಡಿರುವರು. ಅದು ಯಾವ ವ್ಯಾಕರಣಕ್ಕೂ ಸಿಕ್ಕತಕ್ಕ ಶಬ್ದವಲ್ಲ. ಆದರೂ ಕೇಳುವುದಕ್ಕೆ ಹಿತವಾಗಿದೆ. ಆ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಏಕೆಂದರೆ ಈಗಿನ ತೊಡಕಿಗೆ ಆ ಹೆಸರೇ ಬೀಜವಾಗಿದೆ.

ಜಾತ್ರೆಗಳಲ್ಲಿಯೂ ಮದುವೆಯ ಆರತಕ್ಷತೆಗಳಲ್ಲಿಯೂ ರಸಮಂಜರಿ ನಡೆಸುತ್ತಿದ್ದ ಈ ಮಕ್ಕಳು ಕಳೆದ ಬೇಸಗೆಯಲ್ಲಿ ತಮ್ಮದೇ ಹಾಡೊಂದನ್ನು ಕಟ್ಟಿದರು. ಜಗಳೂರಿನ ಹುಡುಗನು ಬರೆದುದು. ನೀರಿನ ಟ್ಯಾಂಕರಿಗಾಗಿ ಬಿಂದಿಗೆಗಳನ್ನು ಸಾಲಾಗಿ ಇಟ್ಟು ಕಾಯುವ ಹೆಂಗಸರ ಹಾಡು. ನ್ಯಾಮತಿಯವನು ತನ್ನ ಅಜ್ಜಿಯಿಂದ ಕಲಿತ ಲಂಬಾಣಿ ಮಟ್ಟನ್ನು ಅದಕ್ಕೆ ಜೋಡಿಸಿದನು. ಅದನ್ನು ಯೂಟ್ಯೂಬಿಗೆ ಏರಿಸಿದ ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಜನರು ಕೇಳಿದರಂತೆ. ನಾವೂ ಕೇಳಿದೆವು. ಎರಡನೆಯ ನುಡಿಯಲ್ಲಿ ಪ್ರಾಸಕ್ಕಾಗಿ ಅರ್ಥವನ್ನು ಸ್ವಲ್ಪ ಹಿಂಡಿರುವನು, ಉಳಿದಂತೆ ದೋಷವಿಲ್ಲ.

ಸಂಸ್ಕೃತದಲ್ಲಿ ಯಶಸ್ಸೆಂಬುದು ನಪುಂಸಕಲಿಂಗ, ಕೀರ್ತಿಯೆಂಬುದು ಸ್ತ್ರೀಲಿಂಗ. ಕೀರ್ತಿಯು ಒಂದು ಮನೆಯಲ್ಲಿ ನಿಲ್ಲದೆ ದಿಕ್ಕುದಿಕ್ಕಿಗೆ ತಿರುಗುವವಳೆಂದು ಹಳೆಯ ಕವಿಗಳು ವಿನೋದವಾಗಿ ವರ್ಣಿಸುವರು. ಈ ಮಕ್ಕಳ ಕೀರ್ತಿಯು ತಿರುಗುತ್ತ ಬೆಂಗಳೂರಿನವರೆಗೆ ಹೋಗಿ, ಬರುವಾಗ ಒಬ್ಬ ಏಜೆಂಟರನ್ನು ಕರೆತಂದಳು. ಆ ಮಹನೀಯರು ಹದಿನಾಲ್ಕು ಪುಟಗಳ ಒಂದು ಇಂಗ್ಲಿಷ್ ಕರಾರನ್ನು ಕಳುಹಿಸಿ, ಹತ್ತು ದಿನಗಳೊಳಗೆ ಸಹಿ ಮಾಡಿದರೆ 2 ಲಕ್ಷ ರೂಪಾಯಿ ಮುಂಗಡ ಕೊಡುವುದಾಗಿ ತಿಳಿಸಿದ್ದರು. ಅದರಲ್ಲಿ ಆರು ದಿನಗಳು ಆಗಲೇ ಕಳೆದಿದ್ದುವು. "ಮೇಷ್ಟ್ರೇ, ಇದನ್ನೊಂದು ಸಲ ಓದಿ ಹೇಳಿ" ಎಂದು ಹೊನ್ನಾಳಿಯ ಹುಡುಗನು ಕಾಗದಗಳನ್ನು ನಮ್ಮ ಮುಂದಿಟ್ಟನು.

ನಾವು ವಕೀಲರಲ್ಲ. ಆದರೂ ಕಾಗದವನ್ನು ಕೈಗೆ ತೆಗೆದುಕೊಂಡುದಕ್ಕೆ ಒಂದು ಕಾರಣವುಂಟು. 1989ರಲ್ಲಿ ನಾವು ಇಪ್ಪತ್ತನಾಲ್ಕು ವರ್ಷದ ಹೊಸ ಉಪಾಧ್ಯಾಯರಾಗಿದ್ದಾಗ, ಒಂದು ಕ್ಯಾಸೆಟ್ ಸಂಸ್ಥೆಗೆ ಆರು ಭಾವಗೀತೆಗಳನ್ನು ಬರೆದುಕೊಟ್ಟೆವು. ಅಚ್ಚಾದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು 300 ರೂಪಾಯಿ ಕೊಟ್ಟರು. ಆ ಹಾಳೆಯಲ್ಲಿ ಏನಿತ್ತೆಂದು ನಾವು ಓದಲಿಲ್ಲ. ಅದರ ಪ್ರತಿಯನ್ನೂ ಕೇಳಲಿಲ್ಲ. ದೊಡ್ಡವರನ್ನು ಕೇಳುವುದು ಅವಿನಯವೆಂದು ಭಾವಿಸಿದ್ದೆವು. ಎಂಟು ವರ್ಷಗಳ ತರುವಾಯ ಶಿವಮೊಗ್ಗದಿಂದ ಬರುವ ಬಸ್ಸಿನಲ್ಲಿ ನಮ್ಮದೊಂದು ಹಾಡು ಕೇಳಿಬಂದಿತು. ಚಾಲಕನಿಂದ ಕ್ಯಾಸೆಟ್ಟಿನ ಹೊದಿಕೆಯನ್ನು ಇಸಿದುಕೊಂಡು ನೋಡಿದರೆ, ರಚನೆ ಎಂಬಲ್ಲಿ ಬೇರೊಬ್ಬರ ಹೆಸರಿತ್ತು. ಪಕ್ಕದಲ್ಲಿದ್ದವರಿಗೆ "ಇದು ನಮ್ಮದು" ಎಂದು ಹೇಳಲೂ ನಾಲಗೆ ಏಳಲಿಲ್ಲ. ಹೇಳಿದ್ದರೆ ಯಾರು ತಾನೆ ನಂಬುತ್ತಿದ್ದರು? ಹಣ ಹೋದುದಕ್ಕೆ ನಮಗೆ ಅಂದೂ ದುಃಖವಾಗಲಿಲ್ಲ, ಇಂದೂ ಇಲ್ಲ.

ಕರಾರನ್ನು ಓದುತ್ತ ಹೋದೆವು. ಅವಧಿ ಐದು ವರ್ಷ; ಅದು ಮುಗಿದ ಮೇಲೆ ಕಂಪನಿಯು ಇಚ್ಛಿಸಿದರೆ ಇನ್ನೂ ಮೂರು ವರ್ಷ. ಇಚ್ಛೆ ಕಂಪನಿಯದು ಮಾತ್ರ, ಮಕ್ಕಳದಲ್ಲ. ಈಗಾಗಲೇ ಹಾಡಿದ ಹಾಡುಗಳೂ ಇನ್ನು ಮುಂದೆ ಹುಟ್ಟತಕ್ಕ ಹಾಡುಗಳೂ ಸಮಸ್ತ ಲೋಕದಲ್ಲಿ ಶಾಶ್ವತವಾಗಿ ಕಂಪನಿಗೆ ಸೇರತಕ್ಕದ್ದು. ಗುಂಪಿನ ಹೆಸರೂ ಕಂಪನಿಗೆ. ಯೂಟ್ಯೂಬ್ ಖಾತೆಯ ಗುಪ್ತಪದವೂ ಅದಕ್ಕೆ ಜೋಡಿಸಿದ ದೂರವಾಣಿ ಸಂಖ್ಯೆಯೂ ಕಂಪನಿಯ ವಶಕ್ಕೆ. ಕರಾರು ತೀರಿದ ಮೇಲೆಯೂ ಎರಡು ವರ್ಷ ಬೇರೆಯವರಿಗಾಗಿ ಹಾಡಕೂಡದು. ಇಷ್ಟೆಲ್ಲ ಕೊಟ್ಟ ಮೇಲೆ ಆ ಮಕ್ಕಳಲ್ಲಿ ಉಳಿಯತಕ್ಕದ್ದು ಗಂಟಲೊಂದೇ. ಅದನ್ನೂ ಎರಡು ವರ್ಷ ಮುಚ್ಚಿಕೊಂಡಿರಬೇಕು!

ಹುಡುಗಿಯ ತಾಯಿ ಅಲ್ಲಿಯವರೆಗೂ ಮಾತಾಡಿರಲಿಲ್ಲ. "ಹಿಂದೆ ಕಂಪನಿ ನಾಟಕದವರಿಗೂ ಕರಾರು ಇರುತ್ತಿತ್ತಲ್ಲವೇ? ಅವರೆಲ್ಲ ಬಾಳಲಿಲ್ಲವೇ?" ಎಂದು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. ನಮ್ಮ ದಾವಣಗೆರೆಯ ಚಿಂದೋಡಿ ವೀರಪ್ಪನವರು 1928ರಲ್ಲಿ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಈ ಸೀಮೆಯ ಹಿರಿಯರೆಲ್ಲರೂ ಬಲ್ಲರು. ವೀರಪ್ಪನವರ ಮಗಳು ಚಿಂದೋಡಿ ಲೀಲಾ ಅವರು ಆ ರಂಗದ ಮೇಲೆಯೇ ಬೆಳೆದು, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಂಡರು. ಆದರೆ ನಾಟಕ ಕಂಪನಿಯ ಯಜಮಾನನು ನಟರೊಂದಿಗೆ ಅದೇ ಬಿಡಾರದಲ್ಲಿ ಇರುತ್ತಿದ್ದವನು. ಮಳೆ ಹಿಡಿದು ಟಿಕೆಟ್ಟು ಹೋಗದಿದ್ದರೆ ಅವನ ಒಲೆಯೂ ತಣ್ಣಗಾಗುತ್ತಿತ್ತು. ನಟನ ಕಷ್ಟ ಅವನ ಕಣ್ಣೆದುರಿನಲ್ಲಿಯೇ ಇತ್ತು. ಅಲ್ಲಿಯೂ ಅನ್ಯಾಯಗಳು ನಡೆದಿಲ್ಲವೆಂದು ನಾವು ಹೇಳುವುದಿಲ್ಲ. ಈಗಿನ ಸೂತ್ರಧಾರನಾದರೋ ರಂಗದ ಮೇಲೆ ಬರುವುದೇ ಇಲ್ಲ. ಸೂತ್ರವನ್ನು ಮಾತ್ರ ಹಿಡಿದಿರುವನು.

ಕೀರ್ತಿಗೂ ಕಾಗದಕ್ಕೂ ಇರುವ ಈ ಜಗಳವು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನಲ್ಲಿ 1930ರ ಜನವರಿ 17ರಂದು ತೀರಿಕೊಂಡ ಗೌಹರ್ ಜಾನ್ ಎಂಬ ಗಾಯಕಿಯ ಹೆಸರನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನವರು ಹಿಂದೂಸ್ತಾನದ ಹಾಡುಗಾರಿಕೆಯನ್ನು ಮೊದಲು ಮುದ್ರಿಸಿಕೊಂಡಾಗ ಹಾಡಿದ ಪ್ರಸಿದ್ಧರಲ್ಲಿ ಆಕೆಯು ಅಗ್ರಗಣ್ಯಳು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದುವು. ಅಲ್ಲಿನವರಿಗೆ ಗುರುತು ತಿಳಿಯಲೆಂದು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಆಕೆಯೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಯ ಮೇಲೆ ಹೆಸರು ಅಷ್ಟು ಭದ್ರವಾಗಿ ನಿಂತಿತು, ಆಸ್ತಿ ನಿಲ್ಲಲಿಲ್ಲ. ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿಯೊಡನೆ ವ್ಯಾಜ್ಯ ಬೆಳೆದು, ಗಳಿಸಿದುದರಲ್ಲಿ ಬಹುಭಾಗ ನ್ಯಾಯಾಲಯಗಳಲ್ಲಿ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ 500 ರೂಪಾಯಿ ವೇತನದ ಮೇಲೆ ಆಕೆಯನ್ನು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. ಬಂದು ಎರಡು ವರ್ಷವೂ ತುಂಬಲಿಲ್ಲ. ಹಿಂದುಸ್ತಾನದಲ್ಲೆಲ್ಲ ಹೆಸರಾದವಳ ಕಡೆಯ ದಿನಗಳು ಮೈಸೂರಿನ ಆಸ್ಪತ್ರೆಯಲ್ಲಿ ಕಳೆದುವು.

ನಾವು ಇದನ್ನು ಹೇಳುತ್ತಿದ್ದಾಗ ಚನ್ನಗಿರಿಯ ಹುಡುಗಿಯು, "ಈಗ ಕೊರಿಯಾದಲ್ಲಿ ನ್ಯೂಜೀನ್ಸ್ ಎಂಬ ಗುಂಪಿನವರಿಗೂ ಹೀಗೆಯೇ ಆಗಿದೆ, ಮೇಷ್ಟ್ರೇ" ಎಂದಳು. ಹೊನ್ನಾಳಿಯ ಜಗುಲಿಯ ಮೇಲೆ ಕೊರಿಯಾ ದೇಶದ ವಾರ್ತೆ ಬಂದಿತಲ್ಲಾ ಎಂದು ನಮಗೆ ಆಶ್ಚರ್ಯವಾಯಿತು. ಆದರೆ ಅವಳು ಆ ಸಂಗತಿಯನ್ನು ಪರೀಕ್ಷೆಯ ಪಾಠದಂತೆ, ಅಥವಾ ಅದಕ್ಕಿಂತ ಚೆನ್ನಾಗಿ, ತಿಳಿದುಕೊಂಡಿದ್ದಳು. ಐವರು ಹುಡುಗಿಯರ ಆ ಗುಂಪು 2022ರ ಜುಲೈಯಲ್ಲಿ ರಂಗಕ್ಕೆ ಬಂದಿತು; ಆಗ ಕಿರಿಯವಳಿಗೆ ಹದಿನಾಲ್ಕು ವರ್ಷ. ಅಡೋರ್ ಎಂಬ ಕಂಪನಿ ಅವರದು. ಅದರ ಮೇಲೆ ಹೈಬ್ ಎಂಬ ದೊಡ್ಡ ಕಂಪನಿ. ಅವರನ್ನು ರೂಪಿಸಿದ ಅಡೋರಿನ ಮುಖ್ಯಸ್ಥೆಗೂ ಮೇಲಿನ ಕಂಪನಿಗೂ ಮನಸ್ತಾಪವಾಗಿ, 2024ರ ಆಗಸ್ಟಿನಲ್ಲಿ ಆಕೆಯನ್ನು ಆ ಸ್ಥಾನದಿಂದ ತೆಗೆದರು. ನವೆಂಬರಿನಲ್ಲಿ ಹುಡುಗಿಯರು ತಮ್ಮ ಕರಾರು ಮುಗಿಯಿತೆಂದು ತಾವೇ ಸಾರಿದರು. ಹಳೆಯ ಹೆಸರು ಕಂಪನಿಯದಾದುದರಿಂದ 2025ರ ಫೆಬ್ರವರಿಯಲ್ಲಿ ಬೇರೆ ಹೆಸರನ್ನಿಟ್ಟುಕೊಂಡರು. ಮಾರ್ಚಿ 21ರಂದು ಸೋಲ್ ನಗರದ ನ್ಯಾಯಾಲಯವು ಅವರು ಸ್ವತಂತ್ರವಾಗಿ ಹಾಡಕೂಡದೆಂದು ತಡೆಯಿತು. ಅಕ್ಟೋಬರ್ 30ರಂದು ಕರಾರು ಊರ್ಜಿತವೇ ಎಂದು ತೀರ್ಪಿತ್ತಿತು. ನವೆಂಬರಿನಲ್ಲಿ ಅವರು ಕಂಪನಿಗೆ ಹಿಂದಿರುಗುವುದಾಗಿ ತಿಳಿಸಿದರು. ಹೊರಡುವಾಗ ಎಷ್ಟು ಜನ ಅಭಿಮಾನಿಗಳು ಬೆನ್ನಿಗಿದ್ದರೂ ಕಾಗದದ ಮುಂದೆ ಅದು ನಡೆಯಲಿಲ್ಲ.

ಅದೇ ದೇಶದಲ್ಲಿ 2009ರಲ್ಲಿ ಇನ್ನೊಂದು ಗುಂಪಿನ ಮೂವರು ಹದಿಮೂರು ವರ್ಷಗಳ ಕರಾರಿನ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. ನ್ಯಾಯಾಲಯವು ಅವರ ಪಕ್ಷದಲ್ಲಿ ನಿಂತಿತು. ಅದೇ ವರ್ಷ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗವು ಮಾದರಿ ಕರಾರನ್ನು ಹೊರಡಿಸಿ ಅವಧಿಯನ್ನು ಏಳು ವರ್ಷಕ್ಕೆ ಇಳಿಸಿತು. ನಮ್ಮ ಹಾಡುವ ಮಕ್ಕಳಿಗೂ ಸರ್ಕಾರವು ಅಂಥದೊಂದು ಮಾದರಿಯನ್ನು ಕನ್ನಡದಲ್ಲಿಯೇ ಅಚ್ಚು ಹಾಕಿಸಿ ಕೊಟ್ಟರೆ ಎಷ್ಟು ಉಪಕಾರವಾದೀತು!

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮಲಗಿಲ್ಲವೆಂಬುದನ್ನು ವಾಚಕರು ತಿಳಿಯಬೇಕು. 1872ರ ಕರಾರು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರಿಗೆ ಕರಾರು ಮಾಡುವ ಅಧಿಕಾರವಿಲ್ಲ. ಅಂಥ ಕರಾರು ಮೊದಲಿಂದಲೇ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲು ತೀರ್ಪು ಕೊಟ್ಟಿದೆ; ಪ್ರಾಯಕ್ಕೆ ಬಂದ ಮೇಲೆ ಹಳೆಯದನ್ನು ಒಪ್ಪಿಕೊಂಡೆನೆಂದರೂ ಅದು ಜೀವ ತಳೆಯುವುದಿಲ್ಲ, ಹೊಸದಾಗಿಯೇ ಬರೆಯಬೇಕು. ಚನ್ನಗಿರಿಯ ಹುಡುಗಿಗೆ ಹದಿನೇಳು. ಇದನ್ನು ಏಜೆಂಟರಿಗೆ ತಿಳಿಸಿದರೆ, "ಜನವರಿಗೆ ಹದಿನೆಂಟಾಗುತ್ತದಲ್ಲ, ಆ ತಾರೀಖು ಹಾಕಿ ಸಹಿ ಮಾಡಿಬಿಡಿ" ಎಂದರಂತೆ. ಇದನ್ನು ಕೇಳಿ ತಾಯಿಯ ಮುಖವು ಬಿಗಿಯಿತು. ಪಾಪ, ಆಕೆಗೆ ಮಗಳ ಪರೀಕ್ಷೆಯೊಂದೇ ಚಿಂತೆಯಾಗಿತ್ತು; ಸುಳ್ಳು ತಾರೀಖಿನ ಚಿಂತೆಯೂ ಈಗ ಸೇರಿತು.

ಹಾಡನ್ನು ಬರೆದವನಿಗೂ ಮಟ್ಟು ಕಟ್ಟಿದವನಿಗೂ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ರಕ್ಷಣೆಯುಂಟು. ಹಕ್ಕನ್ನು ಬರಹದಲ್ಲಿ ಸಹಿ ಮಾಡಿಯೇ ಕೊಡಬೇಕು. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ ಐದು ವರ್ಷಕ್ಕೆಂದೂ, ಎಲ್ಲಿಗೆಂದು ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ತಿಳಿಯತಕ್ಕದ್ದು. ಈ ಕಾರಣದಿಂದಲೇ ಜಾಣರು ಸಮಸ್ತ ಲೋಕ, ಶಾಶ್ವತ ಎಂಬ ಎರಡು ಮಾತುಗಳನ್ನು ಮರೆಯದೆ ಬರೆಯುವರು. 2012ರಲ್ಲಿ ಆದ ತಿದ್ದುಪಡಿಯು ಬಹು ಮುಖ್ಯವಾದುದು. ಹಕ್ಕನ್ನು ಮಾರಿದ ಮೇಲೆಯೂ, ಆ ಹಾಡಿನ ಮುದ್ರಣವನ್ನು ಬಳಸಿ ಬರುವ ರಾಯಧನದಲ್ಲಿ ಸಾಹಿತ್ಯ ಬರೆದವನಿಗೂ ಮಟ್ಟು ಹಾಕಿದವನಿಗೂ ಸಮಪಾಲು ಸಲ್ಲಬೇಕು. ಆ ಪಾಲನ್ನು ಬಿಟ್ಟುಕೊಟ್ಟೆನೆಂದು ಅವನು ಸಹಿ ಮಾಡಿದರೂ ಆ ಸಹಿಗೆ ಬೆಲೆಯಿಲ್ಲ. 1989ರಲ್ಲಿ ಇಂಥದೊಂದು ವಿಧಿ ಇದ್ದಿದ್ದರೆ! ಇದ್ದಿದ್ದರೂ ನಾವು ಓದುತ್ತಿರಲಿಲ್ಲವೆನ್ನಿ.

ಕರಾರು ತೀರಿದ ಮೇಲಿನ ಎರಡು ವರ್ಷಗಳ ಬಾಯಿಬೀಗದ ವಿಷಯ. ಯಾರನ್ನೂ ಅವರ ವೃತ್ತಿ ಮಾಡದಂತೆ ಕಟ್ಟುವ ಷರತ್ತು ಸಲ್ಲದೆಂದು ಅದೇ 1872ರ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಕ್ರಿಕೆಟ್ ಆಟಗಾರ ಜಹೀರ್ ಖಾನರ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಕರಾರಿನ ಅವಧಿ ಮುಗಿದ ಮೇಲೆಯೂ ಆಟಗಾರನು ಮೊದಲು ಹಳೆಯ ಕಂಪನಿಗೇ ಅವಕಾಶ ಕೊಡಬೇಕೆಂಬ ಷರತ್ತನ್ನು ನ್ಯಾಯಾಲಯವು ಒಪ್ಪಲಿಲ್ಲ. ಆದರೆ ಸುಪ್ರೀಂ ಕೋರ್ಟಿನವರೆಗೆ ಹೋಗಲು ಜಹೀರ್ ಖಾನರಿಗೆ ಶಕ್ತಿಯಿತ್ತು. ನ್ಯಾಮತಿಯ ತಾಂಡಾದಿಂದ ದಾವಣಗೆರೆಯ ಕೋರ್ಟಿಗೆ ಹೋಗಿಬರುವ ಬಸ್ಸಿನ ಹಣವೂ ಒಂದು ಲೆಕ್ಕವೇ.

ಕಾನೂನು ಹಾಗಿರಲಿ, ಮಕ್ಕಳಿಗೆ ಹೆಚ್ಚು ನಾಟಿದುದು ಲೆಕ್ಕ. ಕರಾರಿನಲ್ಲಿ ಏಜೆಂಟರಿಗೆ ಒಟ್ಟು ಆದಾಯದ ನೂರಕ್ಕೆ ಮೂವತ್ತು ಎಂದಿತ್ತು. ಒಟ್ಟು ಎಂಬ ಎರಡಕ್ಷರದ ಮೇಲೆ ಬೆರಳಿಟ್ಟು, ಹಳೆಯ ಅಭ್ಯಾಸದಂತೆ ಹಲಗೆಯನ್ನು ತರಿಸಿದೆವು. ಒಂದು ಜಾತ್ರೆಯ ಕಾರ್ಯಕ್ರಮಕ್ಕೆ 40,000 ರೂಪಾಯಿ ಬಂದಿತೆನ್ನೋಣ. ಏಜೆಂಟರಿಗೆ ಮೊದಲು 12,000. ಧ್ವನಿವರ್ಧಕದ ಬಾಡಿಗೆ 12,000, ವಾಹನಕ್ಕೆ 9,000. ಉಳಿದುದು 7,000, ತಲೆಗೆ 1,750. ಅದೇ ನೂರಕ್ಕೆ ಮೂವತ್ತನ್ನು ಖರ್ಚು ಕಳೆದು ಉಳಿದ 19,000ದ ಮೇಲೆ ಹಾಕಿದರೆ ಏಜೆಂಟರಿಗೆ 5,700, ಮಕ್ಕಳಿಗೆ ತಲೆಗೆ 3,325. ನ್ಯಾಮತಿಯ ಹುಡುಗನು ಹಲಗೆಯನ್ನು ಬಹಳ ಹೊತ್ತು ನೋಡಿದನು. "ಮುಂಗಡವಾದರೂ ನಮ್ಮದಲ್ಲವೇ?" ಎಂದು ಕೇಳಿದನು. ಅದೂ ಅಲ್ಲ. ಹನ್ನೊಂದನೆಯ ಪುಟದಲ್ಲಿ, ಮುಂಗಡವನ್ನು ಮಕ್ಕಳ ಪಾಲಿನಿಂದ ಮೊದಲು ಮುರಿದುಕೊಳ್ಳತಕ್ಕದ್ದೆಂದು ಬರೆದಿತ್ತು. ತಲೆಗೆ 1,750ರಂತೆ ಮುರಿದುಕೊಂಡು ಹೋದರೆ 2 ಲಕ್ಷ ತೀರುವುದಕ್ಕೆ ಇಪ್ಪತ್ತೊಂಬತ್ತು ಜಾತ್ರೆಗಳು ಬೇಕು. ಅಲ್ಲಿಯವರೆಗೆ ಹಾಡುವುದೆಲ್ಲ ಸಾಲಕ್ಕೆ.

ನಾವು ಅವರಿಗೆ ಹೇಳಿದುದು ಇಷ್ಟು. ಏಜೆಂಟರೊಡನೆ ಕರಾರು ಮಾಡುವುದಕ್ಕೆ ಮೊದಲು ನೀವು ನಾಲ್ವರೂ ನಿಮ್ಮ ನಿಮ್ಮೊಳಗೆ ಒಂದು ಕಾಗದ ಬರೆದುಕೊಳ್ಳಿರಿ. ಹೆಸರು ಯಾರದು, ಹಾಡು ಬರೆದವನ ಪಾಲೆಷ್ಟು, ಒಬ್ಬರು ಬಿಟ್ಟುಹೋದರೆ ಏನು, ಗುಪ್ತಪದವು ಯಾರ ಬಳಿ ಇರತಕ್ಕದ್ದು. ಸ್ನೇಹಿತರೊಳಗೆ ಕಾಗದವೇಕೆಂದು ಅವರು ನಕ್ಕರು; ಬಳಿಕ ಆ ಮಾತಿನ ಮೇಲೆಯೇ ಅರ್ಧ ಗಂಟೆ ವಾದಿಸಿದರು. ಹಾಡು ಬರೆದವನಿಗೆ ಹೆಚ್ಚು ಪಾಲೋ, ಅಜ್ಜಿಯ ಮಟ್ಟನ್ನು ತಂದವನಿಗೋ? ಅಜ್ಜಿಗೆ ಏನೂ ಇಲ್ಲವೇ? ಅಂತೂ ದೀಪ ಹಚ್ಚುವ ಹೊತ್ತಿಗೆ ಒಂದು ಪುಟ ಸಿದ್ಧವಾಯಿತು. ಕರಾರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರಿಗೆ ತೋರಿಸಿರೆಂದೂ ಹೇಳಿದೆವು. 1987ರ ಕಾಯಿದೆಯ ಮೇರೆಗೆ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯವನ್ನು ನೋಡದೆ ಉಚಿತವಾಗಿ ಈ ನೆರವು ದೊರೆಯತಕ್ಕದ್ದಾಗಿದೆ. ಇದು ಬಹು ಜನಕ್ಕೆ ತಿಳಿಯದು.

ವಕೀಲರೂ ನಮ್ಮಂತೆಯೇ ಹೇಳಿದರು. ತಿದ್ದುಪಡಿಗಳನ್ನು ಬರೆದು ಬೆಂಗಳೂರಿಗೆ ಕಳುಹಿಸಿದರು. ಎರಡು ವಾರಗಳ ಮೇಲೆ ಉತ್ತರ ಬಂದಿತು. ಹುಡುಗಿಯ ಸಹಿಯನ್ನು ಈಗ ಕೇಳುವುದಿಲ್ಲ; ಪಾಲನ್ನು ಖರ್ಚು ಕಳೆದು ಲೆಕ್ಕ ಹಾಕಲು ಒಪ್ಪಿಗೆ; ಬಾಯಿಬೀಗವನ್ನೂ ತೆಗೆಯುವರು. ಆದರೆ ಹೆಸರನ್ನೂ ಯೂಟ್ಯೂಬ್ ಖಾತೆಯನ್ನೂ ಬಿಡಲೊಲ್ಲರು. ಒಪ್ಪಿದರೆ ಮುಂಗಡ ಈ ತಿಂಗಳೇ; ಇಲ್ಲವಾದರೆ ಇಲ್ಲ.

ಉಳಿದ ಮೂವರೂ ಬೇಡವೆಂದರು. ಜಗಳೂರಿನ ಹುಡುಗನು ಮಾತಾಡಲಿಲ್ಲ. ಮರುದಿನ ಅವನೊಬ್ಬನೇ ಬಂದನು. ದಾರಿಯುದ್ದಕ್ಕೂ ಟಾರು ರಸ್ತೆಯ ಮೇಲೆ ಮೆಕ್ಕೆಜೋಳ ಹರವಿದ್ದರೆಂದೂ ಬಸ್ಸು ತಡವಾಯಿತೆಂದೂ ಅದೂ ಇದೂ ಹೇಳಿ, ಕಡೆಗೆ ವಿಷಯಕ್ಕೆ ಬಂದನು. ಅವನ ತಂದೆ ಎರಡು ಕೊಳವೆಬಾವಿ ತೋಡಿಸಿದರು. ಎರಡರಲ್ಲಿಯೂ ನೀರು ಬೀಳಲಿಲ್ಲ. ಕೈಸಾಲಕ್ಕೆ ಬಡ್ಡಿ ಬೆಳೆಯುತ್ತಿದೆ. ಮುಂಗಡದಲ್ಲಿ ಅವನ ಪಾಲಿಗೆ ಬರತಕ್ಕ 50,000 ರೂಪಾಯಿಯಿಂದ ಬಡ್ಡಿಯ ಬಾಯನ್ನು ಒಂದು ವರ್ಷ ಮುಚ್ಚಬಹುದು. "ಹೆಸರು ಇಟ್ಟುಕೊಂಡು ಏನು ಮಾಡಲಿ, ಮೇಷ್ಟ್ರೇ? ಇನ್ನೊಂದು ಹೆಸರು ಇಟ್ಟುಕೊಂಡರಾಯಿತು" ಎಂದನು.

ನೀರಿನ ಹಾಡನ್ನು ಬರೆದವನು ಅವನೇ. ಹೊದಿಕೆಯ ಮೇಲೆ ಬೇರೊಬ್ಬರ ಹೆಸರನ್ನು ಕಂಡ ಆ ಬಸ್ಸಿನ ಕಥೆಯನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆವು. ಆದರೆ ಆ ದಿನ ನಮಗೆ ತಿಂಗಳ ಸಂಬಳವಿತ್ತು. ಇಂದು ನಿವೃತ್ತಿ ವೇತನವಿದೆ. ಸಾಲಗಾರನು ಬಾಗಿಲಲ್ಲಿ ನಿಂತಿರುವವನಿಗೆ ಅದನ್ನು ಹೇಳುವುದು ಹೇಗೆ? ನಮ್ಮ ಮನೆಯವರು ಒಳಗಿನಿಂದ ರೊಟ್ಟಿಯನ್ನೂ ಹೀರೇಕಾಯಿ ಪಲ್ಯವನ್ನೂ ತಂದಿಟ್ಟರು. ಅವನು ತಲೆ ತಗ್ಗಿಸಿ ಉಂಡನು. ಹಾಡಿನ ಸಾಹಿತ್ಯ ಅವನದೆಂಬುದನ್ನೂ, ರಾಯಧನದಲ್ಲಿ ಅವನ ಸಮಪಾಲನ್ನೂ, ಪ್ರತಿಯೊಂದು ಪ್ರಕಟಣೆಯಲ್ಲಿಯೂ ಅವನ ಹೆಸರು ಕಾಣತಕ್ಕದ್ದೆಂಬುದನ್ನೂ ಕರಾರಿನಲ್ಲಿ ಬೇರೆಯಾಗಿ ಬರೆಯಿಸದೆ ಸಹಿ ಮಾಡಬಾರದೆಂದು ಮಾತ್ರ ಹೇಳಿದೆವು. ಅಷ್ಟನ್ನು ಕಾಗದದ ಮೇಲೆ ನಾವೇ ಬರೆದುಕೊಟ್ಟೆವು.

ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡನು. ಮೂವರನ್ನೂ ಕರೆದುಕೊಂಡು ಸೋಮವಾರ ಬರುವೆನೆಂದು ಹೇಳಿ ಕಡೆಯ ಬಸ್ಸಿಗೆ ಹೊರಟನು.